ಕಾರವಾರ: ಬಯಲುಸೀಮೆಯ ಬೆನ್ನಿಗಿರುವ ಕಡಲೂರು

(ರಾಯಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಬೆಟ್ಟಗಳ ಮೇಲೆ ಕುಳಿತ ಒಂದು ಕಡಲ ನಗರದ ಇತಿಹಾಸ ಮತ್ತು ಭೂಗೋಳದ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ. ಅದು ಸಹಜವೇ. ಹುಬ್ಬಳ್ಳಿ–ಧಾರವಾಡ ಅವಳಿನಗರದ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದಿದ ಎಷ್ಟೋ ಮಕ್ಕಳು ಆ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಸಂಸಾರ ಹೂಡಿದ್ದಾರೆ. ಅವರ ತಂದೆ ತಾಯಿ ಇಲ್ಲಿಂದ ಹೋಗಿ ಆರು ತಿಂಗಳು ಇದ್ದು ಬರುತ್ತಾರೆ. ಆ ಊರಿನ ಸೇತುವೆ, ಮಂಜು, ಏರಿಳಿತದ ಬೀದಿ ಎಲ್ಲವೂ ನಮಗೆ ಗೊತ್ತು. ಆದರೆ ಇಲ್ಲಿಂದ ಬಸ್ಸಿನಲ್ಲಿ ನಾಲ್ಕೈದು ತಾಸಿನ ದಾರಿಯಲ್ಲಿ, ಬೆಟ್ಟವೂ ಕೊಲ್ಲಿಯೂ ಕೂಡುವ ಇನ್ನೊಂದು ಊರಿದೆ. ಹುಬ್ಬಳ್ಳಿಯಲ್ಲಿ ಅದರ ಹೆಸರಿನ ರಸ್ತೆಯೇ ಇದೆ. ಕಾರವಾರದ ಬಗ್ಗೆ ಮಾತಾಡುತ್ತೇನೆ, ಸ್ಯಾನ್ ಫ್ರಾನ್ಸಿಸ್ಕೊವನ್ನು ಅಲ್ಲಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ ಎಂದೆ. ಅವರು ಒಪ್ಪಿದರು, ಅದಕ್ಕೆ ನಾನು ಕೃತಜ್ಞ.

ನಾನು ಹೇಳಬೇಕೆಂದಿರುವುದು ಇಷ್ಟು. ಕಾರವಾರ ಎಂಬ ಪಟ್ಟಣ ಹುಟ್ಟಿದ್ದು ಧಾರವಾಡ ಸೀಮೆಯ ಹೊಲಗಳಿಗಾಗಿ. ಅದು ದೊಡ್ಡ ಬಂದರಾಗದೆ ಉಳಿದದ್ದೂ ಧಾರವಾಡಕ್ಕೆ ಬಂದ ಹಳಿ ಬೇರೆ ಕಡೆ ತಿರುಗಿದ್ದರಿಂದ. ಇವತ್ತು ಆ ಊರಿನ ಬೆಟ್ಟಗಳ ಮೇಲೆ ಬಿದ್ದಿರುವ ಭಾರದಲ್ಲಿಯೂ ಬಯಲುಸೀಮೆಯವರಾದ ನಮ್ಮ ಪಾಲಿದೆ. ಹೀಗಾಗಿ ಕಾರವಾರದ ಚರಿತ್ರೆಯನ್ನು ಕರಾವಳಿಯವರಿಗೆ ಮಾತ್ರ ಬಿಟ್ಟು ನಾವು ಸುಮ್ಮನೆ ಕೂರುವಂತಿಲ್ಲ.

ಮೊದಲು ನೆಲದಿಂದ ಶುರು ಮಾಡೋಣ. ನಾವೀಗ ಕುಳಿತಿರುವ ಈ ಸೀಮೆ ಒಂದು ದಿಣ್ಣೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಇಲ್ಲಿ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಹುಬ್ಬಳ್ಳಿಯ ಪೂರ್ವದ ಎರಿ ಭೂಮಿಯ ನೀರು ಬೆಣ್ಣಿಹಳ್ಳ ಸೇರಿ, ಮಲಪ್ರಭೆಗೆ ಹೋಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಪಡುವಣ ದಾರಿ ಹಿಡಿದು, ಕಲಘಟಗಿ ಸೀಮೆ ದಾಟಿ ಬೇಡ್ತಿಯಾಗಿ, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ಎಂಬ ಹೆಸರಿನಿಂದ ಅರಬ್ಬಿ ಸಮುದ್ರ ಸೇರುತ್ತದೆ. ಅಂದರೆ ನಮ್ಮ ಊರಿನ ಮಳೆನೀರಿಗೆ ಘಟ್ಟ ಇಳಿಯುವ ದಾರಿ ಮೊದಲಿಂದಲೂ ಗೊತ್ತು. ಜನಕ್ಕೆ, ಚಕ್ಕಡಿಗೆ, ರೈಲಿಗೆ ಆ ದಾರಿ ಅಷ್ಟು ಸುಲಭವಾಗಿ ಸಿಗಲಿಲ್ಲ.

ಘಟ್ಟದ ಕೆಳಗೆ, ಗೋವಾ ಗಡಿಯಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲಿ ಕಾರವಾರವಿದೆ. ಕರ್ನಾಟಕದ ಕರಾವಳಿಯ ಬಹುಭಾಗದಲ್ಲಿ ಸಹ್ಯಾದ್ರಿ ಕಡಲಿನಿಂದ ಒಂದಿಷ್ಟು ದೂರ ನಿಂತಿರುತ್ತದೆ, ನಡುವೆ ತೆಂಗು, ಗದ್ದೆಗಳಿಗೆ ಜಾಗ ಬಿಟ್ಟಿರುತ್ತದೆ. ಕಾರವಾರದಲ್ಲಿ ಹಾಗಲ್ಲ. ಇಲ್ಲಿ ಬೆಟ್ಟದ ಕವಲುಗಳು ನೇರವಾಗಿ ಸಮುದ್ರದೊಳಕ್ಕೇ ಚಾಚಿಕೊಂಡಿವೆ. ಊರಿನ ಬೆನ್ನಿಗೆ ಗುಡ್ಡೆಹಳ್ಳಿಯ ಬೆಟ್ಟ. ದಕ್ಷಿಣಕ್ಕೆ ಕಡಲಿಗೆ ಮೂಗು ಚಾಚಿದ ಭೂಶಿರ, ಅದರ ಮಗ್ಗುಲಲ್ಲಿ ಬೈತಖೋಲ. ಉತ್ತರಕ್ಕೆ ಕಾಳಿಯ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಎದುರಿಗೆ ಕೂರ್ಮಗಡ, ದೇವಗಡ, ಮತ್ತೂ ದಕ್ಷಿಣಕ್ಕೆ ಅಂಜದೀವ್ ಮುಂತಾದ ದ್ವೀಪಗಳು. ನೈರುತ್ಯ ಮುಂಗಾರಿನ ಅಲೆ ಅಪ್ಪಳಿಸುವಾಗ ಭೂಶಿರವೂ ದ್ವೀಪಗಳೂ ಅಡ್ಡ ನಿಂತು ಕೊಲ್ಲಿಯನ್ನು ಕಾಯುತ್ತವೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಹೆಚ್ಚಿನ ರೇವುಗಳು ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಇದು ಹಡಗಿನವರಿಗೆ ಎಂಥ ಆಸೆ ಹುಟ್ಟಿಸಿರಬೇಕು ಎಂಬುದನ್ನು ಊಹಿಸಬಹುದು. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ ಕಾರವಾರದಲ್ಲಿ ಸುಮಾರು 3,000. ಆ ಮಳೆಯನ್ನೆಲ್ಲ ಹೀರಿಕೊಂಡು ನಿಲ್ಲುವುದು ಆ ಬೆಟ್ಟಗಳೇ.

ಸ್ಯಾನ್ ಫ್ರಾನ್ಸಿಸ್ಕೊದ ನೆಲವೂ ಹೀಗೆಯೇ. ಮೂರು ಕಡೆ ನೀರು, ನಲವತ್ತಕ್ಕೂ ಹೆಚ್ಚು ಗುಡ್ಡಗಳು, ಒಳಗೊಂದು ವಿಶಾಲವಾದ ಕೊಲ್ಲಿ. ಆದರೆ ಆ ಕೊಲ್ಲಿಯ ಬಾಯಿ ಎಷ್ಟು ಕಿರಿದು, ಅದರ ಮೇಲೆ ಕವಿಯುವ ಮಂಜು ಎಷ್ಟು ದಟ್ಟ ಎಂದರೆ, ಯುರೋಪಿನ ನಾವಿಕರು ಇನ್ನೂರು ವರ್ಷ ಅದರ ಮುಂದೆಯೇ ಹಾದುಹೋದರೂ ಅವರ ಕಣ್ಣಿಗೆ ಅದು ಬೀಳಲಿಲ್ಲ. 1769ರಲ್ಲಿ ಅದನ್ನು ಕಂಡ ಸ್ಪ್ಯಾನಿಷ್ ತಂಡ ನೆಲದ ಮೇಲೆ ನಡೆದು ಬಂದದ್ದು, ಗುಡ್ಡದ ನೆತ್ತಿಯಿಂದ ಕೆಳಗೆ ನೋಡಿದ್ದು. ಅಲ್ಲಿ ಸಾವಿರಾರು ವರ್ಷಗಳಿಂದ ಬದುಕಿದ್ದ ಓಲೋನಿ ಜನಕ್ಕೆ ಆ ಕೊಲ್ಲಿ ಗೊತ್ತಿತ್ತು ಎಂಬುದು ಬೇರೆ ಮಾತು. ನಮ್ಮ ಕಾರವಾರದ ಕೊಲ್ಲಿ ಯಾರಿಗೂ ಅಡಗಿರಲಿಲ್ಲ. ಅರಬರಿಗೆ ಗೊತ್ತಿತ್ತು, ಪೋರ್ಚುಗೀಸರಿಗೆ ಗೊತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಹಿಂದಿರುಗುವಾಗ ಅಂಜದೀವ್‌ನಲ್ಲಿ ಹಡಗು ನಿಲ್ಲಿಸಿದ್ದ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು.

ಅಂಜದೀವ್ ಕುರಿತು ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಮುಂಬಯಿ ದ್ವೀಪ ಪೋರ್ಚುಗಲ್ ರಾಜಕುಮಾರಿಯ ಬಳುವಳಿಯಾಗಿ ಇಂಗ್ಲೆಂಡಿನ ರಾಜನಿಗೆ ಬಂದ ಕಥೆ ನಮಗೆಲ್ಲ ಗೊತ್ತು. ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿಗೆ ಪೋರ್ಚುಗೀಸ್ ಗವರ್ನರ್ ದ್ವೀಪವನ್ನು ಬಿಟ್ಟುಕೊಡಲಿಲ್ಲ. ಇಳಿಯಲು ಬೇರೆ ನೆಲವಿಲ್ಲದೆ ಆತ ತನ್ನ ಸೈನಿಕರೊಂದಿಗೆ ಅಂಜದೀವ್‌ನಲ್ಲಿ ಕಾದು ಕುಳಿತ. ಕಾರವಾರದ ಮಳೆ, ಜ್ವರ, ಆಹಾರದ ಕೊರತೆಗಳಿಗೆ ಆ ಪಡೆಯ ಬಹುಪಾಲು ಜನ ಬಲಿಯಾದರು, 1664ರಲ್ಲಿ ಶಿಪ್‌ಮನ್ ಕೂಡ ಅಲ್ಲೇ ತೀರಿಕೊಂಡ. ಮುಂಬಯಿಯ ಇಂಗ್ಲಿಷ್ ಆಳ್ವಿಕೆಯ ಮೊದಲ ಪುಟದಲ್ಲಿ ಕಾರವಾರದ ಎದುರಿನ ಈ ದ್ವೀಪದ ಗೋರಿಗಳಿವೆ.

ಈಗ ವ್ಯಾಪಾರಕ್ಕೆ ಬರೋಣ. ಹದಿನೇಳನೇ ಶತಮಾನದ ಕಾರವಾರ ಎಂದರೆ ಇವತ್ತಿನ ಪಟ್ಟಣವಲ್ಲ. ಆಗಿನ ಪೇಟೆ ಕಾಳಿ ನದಿಯ ದಂಡೆಯ ಮೇಲೆ, ಒಳಗಡೆ, ಕಡವಾಡದಲ್ಲಿತ್ತು. 1638ರ ಹೊತ್ತಿಗೆ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿ ತೆರೆದರು. ಮೆಣಸು, ಏಲಕ್ಕಿ ಅವರಿಗೆ ಬೇಕಿದ್ದವು, ನಿಜ. ಆದರೆ ಆ ಕೋಠಿ ಏಳಿಗೆ ಕಂಡದ್ದು ಬಟ್ಟೆಯಿಂದ. ಪಶ್ಚಿಮ ಭಾರತದಲ್ಲೇ ಅತಿ ನಯವಾದ ಮಲಮಲು ಕಾರವಾರದಿಂದ ಹೊರಡುತ್ತಿತ್ತು ಎಂದು ಹಳೆಯ ಗ್ಯಾಸೆಟಿಯರು ಬರೆದಿದೆ. ಆ ಮಲಮಲು ನೇಯ್ದವರು ಯಾರು? ಘಟ್ಟದ ಮೇಲಿನ ಹುಬ್ಬಳ್ಳಿ ಮತ್ತು ಸುತ್ತಲಿನ ಊರುಗಳ ನೇಕಾರರು. ಕಾರವಾರದ ಕೋಠಿಗಾಗಿ ಈ ಸೀಮೆಯಲ್ಲಿ 50,000 ನೇಕಾರರು ದುಡಿಯುತ್ತಿದ್ದರು ಎಂದು ಅದೇ ಗ್ಯಾಸೆಟಿಯರು ಹೇಳುತ್ತದೆ. ಅಂಕಿಯಲ್ಲಿ ಹೆಚ್ಚು ಕಡಿಮೆ ಇರಬಹುದು. ಹುಬ್ಬಳ್ಳಿಯ ಮಗ್ಗಕ್ಕೂ ಲಂಡನ್ನಿನ ಪೇಟೆಗೂ ನಡುವಿನ ಕೊಂಡಿ ಕಾರವಾರವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಆ ನಂಟು ಎಷ್ಟು ಗಟ್ಟಿ ಎಂಬುದಕ್ಕೆ ಎರಡು ಘಟನೆ ಸಾಕು. 1665ರಲ್ಲಿ ಶಿವಾಜಿ ಬಸರೂರಿನ ಮೇಲೆ ಸಮುದ್ರಮಾರ್ಗವಾಗಿ ದಾಳಿ ಮಾಡಿ ಹಿಂದಿರುಗುವಾಗ ಕಾರವಾರದ ಹತ್ತಿರ ಬೀಡುಬಿಟ್ಟ. ಊರು ಉಳಿಸಿಕೊಳ್ಳಲು ಕಾಣಿಕೆ ಒಪ್ಪಿಸಬೇಕಾಯಿತು, ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡು. ಮುಂದೆ 1673ರಲ್ಲಿ ಮರಾಠಾ ಪಡೆ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಈಸ್ಟ್ ಇಂಡಿಯಾ ಕಂಪನಿಯ ಸರಕೂ ಹೋಯಿತು. ಅದರ ಪರಿಹಾರಕ್ಕಾಗಿ ಇಂಗ್ಲಿಷರು ವರ್ಷಗಟ್ಟಲೆ ಶಿವಾಜಿಯ ದರಬಾರಿಗೆ ಅಲೆದರು. ಹುಬ್ಬಳ್ಳಿಯಲ್ಲಿ ಪೆಟ್ಟು ಬಿದ್ದರೆ ಕಾರವಾರದ ಲೆಕ್ಕದ ಪುಸ್ತಕದಲ್ಲಿ ನಷ್ಟ ಬರೆಯಬೇಕಿತ್ತು. ಹದಿನೆಂಟನೇ ಶತಮಾನದ ಮಧ್ಯದ ಹೊತ್ತಿಗೆ ಸೋದೆಯ ಅರಸರು, ಮರಾಠರು, ಪೋರ್ಚುಗೀಸರ ತಿಕ್ಕಾಟಗಳ ನಡುವೆ ಆ ಕೋಠಿ ಮುಚ್ಚಿತು. ಕಡವಾಡದ ಪೇಟೆ ಸೊರಗಿತು, ಕಡಲ ದಂಡೆಯಲ್ಲಿ ಉಳಿದದ್ದು ಮೀನುಗಾರರ ಕೇರಿಗಳು.

ಮತ್ತೆ ಕಾರವಾರ ಎದ್ದದ್ದು ಹತ್ತಿಯಿಂದ. ಈ ಭಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನಮ್ಮ ಹೊಲಗಳ ಕಥೆ.

ಧಾರವಾಡ ಸೀಮೆಯ ಎರಿ ಹೊಲಗಳಲ್ಲಿ ಜವಾರಿ ಹತ್ತಿ ಬಹಳ ಹಿಂದಿನಿಂದ ಇತ್ತು. ಚಕ್ಕಡಿಗಳಲ್ಲಿ, ಎತ್ತುಗಳ ಮೇಲಿನ ಹೇರುಗಳಲ್ಲಿ ಅದು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ ಅಲ್ಲಿಂದ ಮುಂಬಯಿ ಸೇರುತ್ತಿತ್ತು. ಹೀಗಾಗಿ ನವಲಗುಂದ, ಹುಬ್ಬಳ್ಳಿ, ಗದಗಿನಲ್ಲಿ ಬೆಳೆದ ಹತ್ತಿಗೆ ಮುಂಬಯಿ ಪೇಟೆಯಲ್ಲಿ ‘ಕುಂಪ್ಟಾ’ ಎಂದೇ ಹೆಸರು. ಆ ತಳಿಯ ಬೆನ್ನು ಹಿಡಿದು ಧಾರವಾಡದ ವಿಜ್ಞಾನಿಗಳು ರೂಪಿಸಿದ ಜಯಧರ ಹತ್ತಿಯನ್ನು ಇಲ್ಲಿನ ಹಿರಿಯ ರೈತರು ಇನ್ನೂ ಮರೆತಿಲ್ಲ.

ಆದರೆ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾಗಿದ್ದದ್ದು ಅಮೆರಿಕದ ಉದ್ದೆಳೆಯ ಹತ್ತಿ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೆಳೆಗಾರರನ್ನೇ ಭಾರತಕ್ಕೆ ಕರೆಸಿತು. ಅವರಲ್ಲೊಬ್ಬನಾದ ಮರ್ಸರ್ ಎಂಬವನು ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಸರ್ಕಾರಿ ಹೊಲ ನಡೆಸಿದ. ನ್ಯೂ ಆರ್ಲಿಯನ್ಸ್ ಬೀಜ ಕುಸುಗಲ್ಲಿನ ಎರಿಯಲ್ಲಿ ಮೊಳೆಯಿತು. ಸರ್ಕಾರಿ ಹೊಲ ಬಹಳ ದಿನ ಬಾಳಲಿಲ್ಲ. ಆಗಿನ ಕಲೆಕ್ಟರ್ ಶಾ ಎಂಬವರು ರೈತರ ಬೆನ್ನುಹತ್ತಿ ಬೀಜ ಹಂಚಿದರು, ರೈತರು ತಮ್ಮ ಹೊಲದಲ್ಲಿ ತಮ್ಮದೇ ರೀತಿಯಲ್ಲಿ ಬೆಳೆದು ಅದನ್ನು ಉಳಿಸಿಕೊಂಡರು. ದೇಶದ ಎಷ್ಟೋ ಕಡೆ ಸೋತ ಈ ಪ್ರಯೋಗ ಗೆದ್ದು ನಿಂತ ಸೀಮೆಗಳಲ್ಲಿ ನಮ್ಮದು ಮುಖ್ಯ. ವ್ಯಾಪಾರದಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಎಂದು ಹೆಸರು ಬಂತು. ಅಮೆರಿಕನ್ ಹತ್ತಿಯಲ್ಲಿ ಎಳೆ ಬೀಜಕ್ಕೆ ಬಲವಾಗಿ ಅಂಟಿರುತ್ತದೆ. ಹಳೆಯ ಕಾಲದ ಕಬ್ಬಿಣದ ಉರುಳಿನಿಂದ ಅದನ್ನು ಬಿಡಿಸಲಾಗದು, ಗರಗಸದ ಹಲ್ಲಿನ ಜಿನ್ನು ಬೇಕು. ಆ ಜಿನ್ನುಗಳನ್ನು ಮಾಡಲು, ರಿಪೇರಿ ಮಾಡಲು ಧಾರವಾಡದಲ್ಲಿ ಸರ್ಕಾರ ಕಾರ್ಖಾನೆ ತೆರೆಯಿತು. ಇಲ್ಲಿನ ಬಡಿಗರು, ಕಮ್ಮಾರರು ಹೊಸ ಯಂತ್ರದ ಕೆಲಸ ಕಲಿತದ್ದು ಅಲ್ಲಿ. ಹುಬ್ಬಳ್ಳಿಯ ಯಂತ್ರಗಾರಿಕೆಯ ಚರಿತ್ರೆ ಬರೆಯುವವರು ರೈಲ್ವೆ ವರ್ಕ್‌ಶಾಪಿಗಿಂತ ಮೊದಲು ಈ ಜಿನ್ನಿನಿಂದ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಬಂದ್ ಮಾಡಿತು. ಲ್ಯಾಂಕಾಶೈರಿನ ಗಿರಣಿಗಳು ನಿಂತವು, ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಅಮೆರಿಕದ ತಳಿಯನ್ನು ಅಮೆರಿಕದ ಹೊರಗೆ ಬೆಳೆಯುತ್ತಿದ್ದ ಧಾರವಾಡದ ಕಡೆಗೆ ಮ್ಯಾಂಚೆಸ್ಟರಿನ ಕಣ್ಣು ತಿರುಗಿತು. ಇಲ್ಲಿನ ಹತ್ತಿ ನೇರವಾಗಿ ಕಡಲಿಗೆ ಇಳಿಯಲು, ಮಳೆಗಾಲದಲ್ಲೂ ಹಡಗು ನಿಲ್ಲಬಲ್ಲ ಒಂದು ಬಂದರು ಬೇಕಾಗಿತ್ತು. ನಕ್ಷೆ ಹರಡಿ ನೋಡಿದವರ ಬೆರಳು ಕಾರವಾರದ ಕೊಲ್ಲಿಯ ಮೇಲೆ ನಿಂತಿತು. ಆ ಕಾಲದ ಕಾಗದಪತ್ರಗಳಲ್ಲಿ ಅದನ್ನು ಸದಾಶಿವಗಡ ಬಂದರು ಎಂದೇ ಬರೆಯುತ್ತಾರೆ.

ಒಂದು ತೊಡಕಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಂದರು ಮದ್ರಾಸ್ ಪ್ರಾಂತದಲ್ಲಿ. ಮದ್ರಾಸಿನವರಿಗೆ ತಮ್ಮ ಮೂಲೆಯೊಂದರಲ್ಲಿ ಮುಂಬಯಿಯ ಹತ್ತಿಗಾಗಿ ರಸ್ತೆ ಕಡಿಯುವ ಅವಸರವಿರಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಜಿಲ್ಲೆಯ ಕಚೇರಿ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಅಲ್ಲಿಯವರೆಗೆ ಮೀನುಗಾರರ ಹಳ್ಳಿಯಾಗಿದ್ದ ಜಾಗದಲ್ಲಿ ಕಲೆಕ್ಟರ್ ಕಚೇರಿ, ನ್ಯಾಯಾಲಯ, ಬಂಗಲೆಗಳು ಎದ್ದವು. ದೇವಗಡದ ದ್ವೀಪದ ಮೇಲೆ ದೀಪಸ್ತಂಭ ಬಂತು. ದಕ್ಷಿಣ ಕನ್ನಡ ಮದ್ರಾಸಿನಲ್ಲೂ ಉತ್ತರ ಕನ್ನಡ ಮುಂಬಯಿಯಲ್ಲೂ ಒಂದು ಶತಮಾನದಷ್ಟು ಕಾಲ ಬೇರೆಯಾಗಿ ಉಳಿದದ್ದಕ್ಕೆ, 1956ರವರೆಗೆ ಧಾರವಾಡವೂ ಕಾರವಾರವೂ ಒಂದೇ ಆಡಳಿತದಲ್ಲಿದ್ದದ್ದಕ್ಕೆ ಮೂಲ ಕಾರಣ ನಮ್ಮ ಹೊಲದ ಹತ್ತಿ. ಒಂದು ಬೆಳೆ ಜಿಲ್ಲೆಯ ಗಡಿಯನ್ನೇ ಬದಲಿಸಿತು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಮಾತು ಇರಬೇಕಿತ್ತು.

ಮ್ಯಾಂಚೆಸ್ಟರಿನ ವರ್ತಕರು ಕೂಡಿ ಕಟ್ಟಿದ ಹತ್ತಿ ಕಂಪನಿಯೊಂದು ಅಂಡಿಗೆ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಇಲ್ಲಿಗೆ ಸಾಗಿಸಿತು. ಯಂತ್ರ ಬಂದರೂ ಅದನ್ನು ಇಳಿಸಿಕೊಳ್ಳಲು ಸರಿಯಾದ ಧಕ್ಕೆ ಇರಲಿಲ್ಲ. ಘಟ್ಟದ ರಸ್ತೆ ಮುಗಿದಿರಲಿಲ್ಲ. ಕೈಗಾ ಘಟ್ಟ, ಅರಬೈಲ ಘಟ್ಟಗಳಲ್ಲಿ ಬಂಡೆ ಕಡಿಯುವ ಕೆಲಸ ಮಳೆಗಾಲ ಬಂದಾಗಲೆಲ್ಲ ನಿಲ್ಲುತ್ತಿತ್ತು, ಜ್ವರಕ್ಕೆ ಕೂಲಿಗಳು ಸಾಯುತ್ತಿದ್ದರು. ಬೆಲೆ ಏರಿದ ಹಾಗೆ ಮೋಸವೂ ಏರಿತು. ಅಮೆರಿಕನ್ ಹತ್ತಿಗೆ ಜವಾರಿ ಬೆರೆಸುವುದು ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಕಲಬೆರಕೆಯ ವಿರುದ್ಧ ಕಾಯಿದೆ ತರಬೇಕಾಯಿತು. ರಸ್ತೆ ಸಿದ್ಧವಾಗುವಷ್ಟರಲ್ಲಿ 1865 ಬಂತು, ಅಮೆರಿಕದ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಮುಂಬಯಿಯ ಸಾಹುಕಾರರು ಮುಳುಗಿದರು, ಧಾರವಾಡದ ರೈತರ ತಲೆಯ ಮೇಲೆ ಸಾಲ ಉಳಿಯಿತು. ಆ ಕಂಪನಿಯೂ ಬಹಳ ಕಾಲ ಉಳಿಯಲಿಲ್ಲ.

ಅದೇ ದಶಕಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏನಾಯಿತು ನೋಡಿ. 1848ರ ಜನವರಿಯಲ್ಲಿ ಒಳನಾಡಿನ ಬೆಟ್ಟದ ತೊರೆಯಲ್ಲಿ ಚಿನ್ನ ಸಿಕ್ಕಿತು. ಸಾವಿರ ಜನರೂ ಇಲ್ಲದ ಊರು 1849ರ ಕೊನೆಗೆ ಸುಮಾರು 25,000 ಜನರ ಪಟ್ಟಣವಾಯಿತು. ಬಂದ ಹಡಗುಗಳ ನಾವಿಕರೂ ಹಡಗು ಬಿಟ್ಟು ಚಿನ್ನದ ಕಡೆ ಓಡಿದರು. ವಾರಸುದಾರರಿಲ್ಲದ ಹಡಗುಗಳ ಮೇಲೆಯೇ ಮಣ್ಣು ತುಂಬಿ ಬೀದಿ ಮಾಡಿದರು. ಇವತ್ತಿಗೂ ಆ ನಗರದ ಬ್ಯಾಂಕುಗಳ ಕೆಳಗೆ ಹಡಗಿನ ಹಲಗೆಗಳಿವೆ. ಚಿನ್ನ ತೀರುತ್ತಾ ಬಂದಾಗ ರೈಲು ಬಂತು. ಚೀನಾದಿಂದ ಬಂದ ಸಾವಿರಾರು ಕಾರ್ಮಿಕರು ಸಿಯೆರಾ ನೆವಾಡಾ ಬೆಟ್ಟಗಳ ಕಲ್ಲು ಕಡಿದು, ಹಿಮದಲ್ಲಿ ಸತ್ತು, ಹಳಿ ಹಾಕಿದರು. 1869ರ ಮೇ 10ರಂದು ಪೂರ್ವ ಪಶ್ಚಿಮ ಕರಾವಳಿಗಳು ರೈಲಿನಿಂದ ಕೂಡಿಕೊಂಡವು. ಎತ್ತರದ ಬೀದಿಗಳಲ್ಲಿ ಕುದುರೆಗಳು ಜಾರಿ ಬೀಳುತ್ತಿದ್ದ ಊರಿನಲ್ಲಿ 1873ರಲ್ಲಿ ನೆಲದಡಿಯ ಉಕ್ಕಿನ ಹಗ್ಗ ಎಳೆಯುವ ಟ್ರಾಮು ಓಡಿತು. ಬೆಟ್ಟ ಆ ನಗರಕ್ಕೂ ಅಡ್ಡಿಯೇ ಆಗಿತ್ತು. ಆದರೆ ಬೆಟ್ಟದಾಚೆಗೆ ಇದ್ದ ಒಳನಾಡು ಚಿನ್ನ, ಗೋದಿ, ಹಣ್ಣು ಎಲ್ಲವನ್ನೂ ಆ ಕೊಲ್ಲಿಗೆ ಹರಿಸಿತು, ಹಳಿಯೂ ಅಲ್ಲಿಗೇ ಬಂತು.

ಕಾರವಾರಕ್ಕೆ ಹಳಿ ಬರಲಿಲ್ಲ. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲುದಾರಿಯ ಮಾತು ಬಂತು, ಅಳತೆಗಳಾದವು, ವಾದಗಳಾದವು, ಕೊನೆಗೆ ಕಡತ ಮುಚ್ಚಿತು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು, ರೈಲು ಗೋವಾದ ಮುರಗಾಂವ್ ಬಂದರಿಗೆ ಹೋಗುವುದೆಂದು ತೀರ್ಮಾನವಾಯಿತು. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು, ಅದರ ಮುಖ್ಯ ಕಚೇರಿ ಧಾರವಾಡದಲ್ಲಿ. ಇವತ್ತು ಕರ್ನಾಟಕ ಕಾಲೇಜು ನಡೆಯುತ್ತಿರುವ ಆ ಭವ್ಯ ಕಲ್ಲಿನ ಕಟ್ಟಡ ಆ ಕಂಪನಿಯದೇ. 1888ರ ಹೊತ್ತಿಗೆ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಘಟ್ಟ ಇಳಿದು ಮುರಗಾಂವ್ ಮುಟ್ಟುವ ದಾರಿ ಸಿದ್ಧವಾಯಿತು. ಘಟ್ಟದ ನೆತ್ತಿಯ ಕ್ಯಾಸಲ್‌ರಾಕ್ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ. ತನ್ನ ಜಿಲ್ಲೆಯ ಕಾಡಿನಲ್ಲೇ ಹಾದುಹೋದ ರೈಲು ತನ್ನ ಬಂದರಿಗೆ ಬರದೆ ಪಕ್ಕದ ಪರರಾಜ್ಯದ ಬಂದರಿಗೆ ಹೋದದ್ದನ್ನು ಕಾರವಾರ ನೋಡಿತು. ಅಲ್ಲಿಂದ ಧಾರವಾಡದ ಹತ್ತಿ ಹಳಿಯ ಮೇಲೆ ಹೋಯಿತು, ಚಕ್ಕಡಿಗಳ ಸಾಲು ಕರಗಿತು, ಕುಮಟಾ, ಕಾರವಾರ ಎರಡರ ವ್ಯಾಪಾರವೂ ಇಳಿಯಿತು. ಆ ತೀರ್ಮಾನಕ್ಕೆ ಲಾಭನಷ್ಟದ ಲೆಕ್ಕಗಳಿದ್ದವು, ಸಾಮ್ರಾಜ್ಯದ ರಾಜಕೀಯವೂ ಇತ್ತು. ಇವತ್ತು ಹಿಂದಿರುಗಿ ನೋಡಿದರೆ, ಒಂದು ಊರನ್ನು ಒಂದೇ ಸರಕಿಗಾಗಿ ಕಟ್ಟಿ, ಆ ಸರಕಿನ ದಾರಿಯನ್ನೇ ಕಿತ್ತುಕೊಂಡದ್ದು ಅನ್ಯಾಯವೆಂದೇ ನನಗೆ ತೋರುತ್ತದೆ.

ವ್ಯಾಪಾರ ಹೋದ ಮೇಲೆ ಉಳಿದದ್ದು ಕಚೇರಿಗಳ ಪ್ರಶಾಂತ ಪಟ್ಟಣ. ಆ ಪ್ರಶಾಂತತೆಯಲ್ಲಿ ಒಂದು ದೊಡ್ಡ ಫಲ ಬಂತು. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು ಇಪ್ಪತ್ತೆರಡರ ಹರೆಯದಲ್ಲಿ ಬಂದು ಈ ಕಡಲಿನ ಮುಂದೆ ಕೆಲಕಾಲ ಇದ್ದರು, ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದದ್ದು ಇಲ್ಲಿ. ಕಾಳಿಯಲ್ಲಿ ದೋಣಿಯೇರಿ ಬೆಟ್ಟಗಳ ನಡುವೆ ಹೋದ ಬೆಳುದಿಂಗಳ ರಾತ್ರಿಯನ್ನು ಅವರು ವರ್ಷಗಳ ನಂತರವೂ ನೆನೆದರು. ಕಡಲತೀರಕ್ಕೆ ಅವರ ಹೆಸರಿಟ್ಟು ಕಾರವಾರದವರು ಆ ನೆನಪನ್ನು ಉಳಿಸಿಕೊಂಡಿದ್ದಾರೆ. ಇದೇ ತೀರದಲ್ಲಿ ನೂರು ಜನ ಕೂಡಿ ರಂಪಣಿ ಬಲೆ ಎಳೆದು, ಬಂಗಡೆ, ತಾರ್ಲಿಗಳನ್ನು ಹಂಚಿಕೊಳ್ಳುತ್ತಿದ್ದ ಖಾರ್ವಿ, ಹರಿಕಂತ್ರ, ಅಂಬಿಗ ಕುಟುಂಬಗಳ ಬದುಕು ಟಾಗೋರರು ಬರುವ ಮೊದಲೂ ಇತ್ತು, ಅನಂತರವೂ ನಡೆಯಿತು. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಲ್ಲವನ್ನೂ ಆಡುವ ಆ ಊರಿನ ಜನ ಭಾಷೆಗಳ ಗಡಿಯಲ್ಲಿ ಬದುಕುವುದನ್ನು ಬಹಳ ಹಿಂದೆಯೇ ಕಲಿತವರು.

ಸ್ವಾತಂತ್ರ್ಯದ ನಂತರ ನಾಡಿಗೆ ಬೇಕಾದದ್ದನ್ನೆಲ್ಲ ಕಾರವಾರ ಕೊಡುತ್ತಲೇ ಬಂದಿದೆ. ಕಾಳಿ 184 ಕಿಲೋಮೀಟರ್ ಉದ್ದದ ನದಿ. ಅಷ್ಟರಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ನಿಂತಿವೆ. ಸೂಪಾ ಎಂಬ ಪಟ್ಟಣವೇ 101 ಮೀಟರ್ ಎತ್ತರದ ಗೋಡೆಯ ಹಿಂದಿನ ನೀರಿನಲ್ಲಿ ಮುಳುಗಿತು. ನಮ್ಮ ಮನೆಗಳಲ್ಲಿ ಉರಿಯುವ ದೀಪದಲ್ಲಿ ಆ ಪಟ್ಟಣದ ಪಾಲಿದೆ. ಒಂದು ಕಾಲಕ್ಕೆ ಹತ್ತಿ ಚಕ್ಕಡಿಗಳಿಗಾಗಿ ದಾರಿ ಕಡಿದ ಕೈಗಾದಲ್ಲಿ ಅಣುಸ್ಥಾವರ ಬಂತು, ಇಂದು ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅದನ್ನು ವಿರೋಧಿಸಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೇ ನಿಂತರು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸವಾಯಿತು, 2005ರಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಬಂತು. ಅರಗಾ, ಬಿಣಗಾ ಕಡೆಯ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಬೀಸುವ ದಂಡೆ ಬಿಟ್ಟು ಎದ್ದವು. ದೇಶದ ರಕ್ಷಣೆಗೆ ಆ ಕೊಲ್ಲಿ ಬೇಕಿತ್ತು, ಒಪ್ಪೋಣ. ಕೊಟ್ಟವರ ಹೆಸರನ್ನು ಮಾತ್ರ ನಾವು ಮರೆಯಬಾರದು.

ಬಂದರಿಗೂ ಕೆಲವು ವರ್ಷ ಮತ್ತೆ ಜೀವ ಬಂದಿತ್ತು. 2000ದ ನಂತರದ ದಶಕದಲ್ಲಿ ಬಳ್ಳಾರಿ, ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಹುಬ್ಬಳ್ಳಿ ದಾಟಿ, ಅರಬೈಲ ಘಟ್ಟ ಇಳಿದು ಬೇಲೆಕೇರಿ, ಕಾರವಾರಕ್ಕೆ ಹೋದವು. ರಸ್ತೆಯ ಬದಿಯ ಮರದ ಎಲೆಗಳು ಕೆಂಪಾಗಿದ್ದವು, ಇಲ್ಲಿ ಕೂತಿರುವ ಹಲವರು ಅದನ್ನು ಕಣ್ಣಾರೆ ಕಂಡಿದ್ದೀರಿ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, ಆ ಅಬ್ಬರ ಇಳಿಯಿತು. ಹತ್ತಿಯ ಕಾಲದಲ್ಲಿ ನಡೆದದ್ದೇ ಮತ್ತೊಮ್ಮೆ ನಡೆಯಿತು: ಒಳನಾಡಿನ ಒಂದು ಸರಕು ಏರಿದಾಗ ಕರಾವಳಿ ಅದರ ದೂಳು ಕುಡಿಯಿತು, ಇಳಿದಾಗ ಖಾಲಿ ಕೂತಿತು.

ಈಗ ಬೆಟ್ಟಗಳ ಮಾತು. 2009ರ ಅಕ್ಟೋಬರ್ 2ರಂದು ಸುರಿದ ಭಾರೀ ಮಳೆಗೆ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಕತ್ತರಿಸಿ ನಿಲ್ಲಿಸಿದ್ದ ಗುಡ್ಡ ರಸ್ತೆಯ ಮೇಲೆ, ಚಹದಂಗಡಿಯ ಮೇಲೆ, ಲಾರಿಗಳ ಮೇಲೆ ಕುಸಿದು ಗಂಗಾವಳಿಗೆ ಜಾರಿತು. ಹನ್ನೊಂದು ಜನರನ್ನು ಕಳೆದುಕೊಂಡೆವು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ನೀರು ಹರಿಯುವ ಗಂಗಾವಳಿಯೇ ಅದು. ಮೂರು ವಾರ ತುಂಬಿದ ಬೆನ್ನಿಗೇ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಕರಾವಳಿಯ ಈ ಬೆಟ್ಟಗಳ ಮೇಲುಪದರ ಜಂಬಿಟ್ಟಿಗೆ ಮತ್ತು ಸವೆದ ಮಣ್ಣು. ಒಳಗೆ ನೀರು ಇಂಗಿದಾಗ ಅದರ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಬುಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲ ಮಾಡಿದರೆ ಮೇಲಿನ ಮಣ್ಣಿಗೆ ಆಸರೆಯೇ ಇಲ್ಲ. ಇದನ್ನು ತಿಳಿಯಲು ದೊಡ್ಡ ವಿದ್ಯೆ ಬೇಡ, ಅಲ್ಲಿನ ಹಾಲಕ್ಕಿ ರೈತರಿಗೆ ಗದ್ದೆಯ ದರೆ ಕುಸಿದಾಗಲೇ ಗೊತ್ತಾಗಿರುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ತನ್ನ ನೆಲದ ಪಾಠವನ್ನು 1906ರ ಏಪ್ರಿಲ್ 18ರ ಬೆಳಗಿನ ಜಾವ ಕಲಿಯಿತು. ಸ್ಯಾನ್ ಆಂಡ್ರಿಯಾಸ್ ಬಿರುಕು ಅಲುಗಿ ಭೂಕಂಪವಾಯಿತು, ಬಳಿಕ ಮೂರು ದಿನ ಬೆಂಕಿ ಉರಿಯಿತು. ಸುಮಾರು 3,000 ಜನ ಸತ್ತರು, 28,000 ಕಟ್ಟಡಗಳು ಹೋದವು. ಅತಿ ಹೆಚ್ಚು ಹಾನಿಯಾದ ಜಾಗಗಳಲ್ಲಿ ಕೊಲ್ಲಿಗೆ ಮಣ್ಣು ತುಂಬಿ ಮಾಡಿದ ನೆಲವೂ ಸೇರಿತ್ತು. ಅದಾದ ಮೇಲೆ ವಿಜ್ಞಾನಿಗಳ ಆಯೋಗ ಕೂತು, ಬಿರುಕಿನ ಉದ್ದಕ್ಕೂ ನಡೆದು, ಎಲ್ಲಿ ನೆಲ ಗಟ್ಟಿ, ಎಲ್ಲಿ ಸಡಿಲು ಎಂದು ನಕ್ಷೆ ಬರೆದು ಜನರ ಮುಂದಿಟ್ಟಿತು. ಇವತ್ತು ಅಲ್ಲಿ ಮನೆ ಕೊಳ್ಳುವವರಿಗೆ ಆ ನೆಲದ ಅಪಾಯವನ್ನು ಕಾನೂನಿನಂತೆ ತಿಳಿಸಲೇಬೇಕು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಪೂರ್ವ ಪಶ್ಚಿಮ ರೈಲು ಬಂದು ನಿಂತದ್ದು ಕೊಲ್ಲಿಯ ಆಚೆ ದಡದ ಓಕ್ಲೆಂಡಿನಲ್ಲಿ. ಕಂಟೇನರ್ ಹಡಗುಗಳು ಬಂದಾಗ ಸಮತಟ್ಟು ನೆಲವೂ ಹಳಿಯೂ ಇದ್ದ ಓಕ್ಲೆಂಡಿಗೇ ಸರಕೆಲ್ಲ ಹೋಯಿತು, ಸ್ಯಾನ್ ಫ್ರಾನ್ಸಿಸ್ಕೊದ ಧಕ್ಕೆಗಳು ಬರಿದಾದವು. ಆ ನಗರ ಸಾಯಲಿಲ್ಲ. ತನ್ನ ಬೆಟ್ಟ, ಕೊಲ್ಲಿ, ವಿದ್ಯೆಗಳನ್ನು ನಂಬಿ ಬೇರೆ ಬದುಕು ಕಟ್ಟಿಕೊಂಡಿತು. ಸರಕು ಸಾಗಿಸುವುದೊಂದೇ ಬೆಟ್ಟದ ಕಡಲೂರಿನ ಹಣೆಬರಹವಲ್ಲ.

ಇಲ್ಲಿಂದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಮಾತಿಗೆ ಬರಲೇಬೇಕು. 1998ರಲ್ಲಿ ಕೊಂಕಣ ರೈಲು ಕಾರವಾರದ ಶಿರವಾಡಕ್ಕೆ ಬಂತು, ಆದರೆ ಅದು ಕರಾವಳಿಯುದ್ದಕ್ಕೂ ಓಡುವ ರೈಲು. ಘಟ್ಟ ಇಳಿಯುವ ದಾರಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಮಂಜೂರಾತಿ ಸಿಕ್ಕಿತು. 160 ಕಿಲೋಮೀಟರಿಗೂ ಹೆಚ್ಚಿನ ಈ ಮಾರ್ಗದ ಬಹುಭಾಗ ದಟ್ಟ ಕಾಡಿನಲ್ಲಿ ಹಾಯಬೇಕು. ಅರಣ್ಯದ ಅನುಮತಿ, ನ್ಯಾಯಾಲಯದ ವ್ಯಾಜ್ಯಗಳಲ್ಲಿ ಅದು ಸಿಕ್ಕಿಕೊಂಡಿದೆ. ಹುಬ್ಬಳ್ಳಿಯ ವ್ಯಾಪಾರಸ್ಥರಿಗೆ ಆ ದಾರಿ ಬೇಕು, ಕಾರವಾರ, ಅಂಕೋಲೆಯ ಎಷ್ಟೋ ಜನರಿಗೂ ಬೇಕು. ಆಸ್ಪತ್ರೆಗೆ ಹುಬ್ಬಳ್ಳಿಗೆ ಬರುವ ಬಡವರಿಗೆ ಅದರ ಅಗತ್ಯ ನನಗೆ ಚೆನ್ನಾಗಿ ಗೊತ್ತು. ಕಾಡು ಉಳಿಯಬೇಕೆನ್ನುವವರ ಮಾತಿನಲ್ಲೂ ಸತ್ಯವಿದೆ. ನೂರೈವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ನಾವು ಒಂದೇ ರೀತಿಯಲ್ಲಿ ಕೇಳುತ್ತಿದ್ದೇವೆ: ನಮ್ಮ ಸರಕು ಎಷ್ಟು ಬೇಗ ಕಡಲು ಸೇರುತ್ತದೆ? ಆ ಗುಡ್ಡ ಎಷ್ಟು ಭಾರ ತಾಳುತ್ತದೆ ಎಂದು ಮೊದಲು ಕೇಳಬೇಕಿತ್ತು.

ಹಾಗಾಗಿ ನನ್ನ ಬೇಡಿಕೆ ನೇರವಾಗಿದೆ. ರೈಲಿರಲಿ, ಹೆದ್ದಾರಿಯಿರಲಿ, ಅರಬೈಲಿನಿಂದ ಶಿರೂರು, ಕಾರವಾರದವರೆಗೆ ಒಂದೊಂದು ಗುಡ್ಡದ ಮಣ್ಣು, ನೀರು, ಇಳಿಜಾರಿನ ಸಮೀಕ್ಷೆ ಮುಗಿಯುವ ತನಕ ಒಂದು ಗುಡ್ಡದ ಬುಡಕ್ಕೂ ಯಂತ್ರ ಹಾಕಬಾರದು. ಆ ಸಮೀಕ್ಷೆ ಇಂಗ್ಲಿಷಿನ ಕಡತದಲ್ಲಿ ಉಳಿಯಬಾರದು. ಅದನ್ನು ಕನ್ನಡದಲ್ಲಿ ಅಚ್ಚುಮಾಡಿ, ಯಲ್ಲಾಪುರ, ಅಂಕೋಲಾ, ಕಾರವಾರದ ಗ್ರಾಮಸಭೆಗಳ ಮುಂದೆ ಓದಿ ಹೇಳಬೇಕು. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜುಗಳು ಇರುವ ಈ ಅವಳಿನಗರದ ಅಧ್ಯಾಪಕರು, ವಿದ್ಯಾರ್ಥಿಗಳು ಆ ಕೆಲಸಕ್ಕೆ ಮುಂದಾಗಬೇಕು. ಈ ಸಭೆಯಲ್ಲಿರುವ ಭೂವಿಜ್ಞಾನದ ಮೇಷ್ಟ್ರುಗಳೇ, ಬರುವ ಮಳೆಗಾಲ ಶುರುವಾಗುವ ಮೊದಲೇ ನಿಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಘಟ್ಟ ಇಳಿಯಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.